ತರಾಸು ಓದಿ ಬೆಳೆದವರು

ಒಬ್ಬ ಕಾದಂಬರಿಕಾರನ ಮೇಲೆ ಓದುಗರಿಗೆ ಎಷ್ಟು ಪ್ರೀತಿಯಿದೆ ಎಂದು ತಿಳಿಯಬೇಕಾದರೆ ಆ ಕಾಲದಲ್ಲಿ ಗ್ರಂಥಾಲಯದ ಕಪಾಟು ನೋಡಿದರೆ ಸಾಕಿತ್ತು. 1970ರ ದಶಕದಲ್ಲಿ ಚಳ್ಳಕೆರೆ ಕಡೆಯ ನಮ್ಮ ಗ್ರಂಥಾಲಯದಲ್ಲಿ ತರಾಸು ಪುಸ್ತಕಗಳಿಗೆ ಮೂಲದ ರಟ್ಟು ಉಳಿದಿರಲಿಲ್ಲ. ಬೈಂಡು ಮಾಡಿಸಿದ ಪುಸ್ತಕ ಮತ್ತೆ ಬಿಚ್ಚಿಕೊಂಡು, ಹಾಳೆಗಳ ಅಂಚು ಕಂದಿ, ಮೂಲೆಗಳು ಮಡಿಸಿ ಮಡಿಸಿ ಉದುರಿಹೋಗಿದ್ದವು. ‘ರಕ್ತರಾತ್ರಿ’ಯ ಕೊನೆಯ ಕೆಲವು ಪುಟಗಳು ಇರಲೇ ಇಲ್ಲ. ಹಿಂದಿರುಗಿಸಲು ಬಂದವರನ್ನು ನಿಲ್ಲಿಸಿಕೊಂಡು ಗ್ರಂಥಪಾಲಕರು ಆ ಪುಟಗಳಲ್ಲಿ ಏನಿತ್ತೆಂದು ಬಾಯಲ್ಲೇ ಹೇಳುತ್ತಿದ್ದರು. ಸಾಲಿನಲ್ಲಿ ಹಿಂದೆ ನಿಂತವರು, ಇನ್ನೂ ಓದದೇ ಇದ್ದವರು, ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದರು.

ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ನಮಗೆ ದೂರದ ದೊಡ್ಡ ಲೇಖಕರಾಗಿರಲಿಲ್ಲ. ಅವರು ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಆದರೆ ಮನೆತನದ ಊರು ತಳುಕು ನಮ್ಮದೇ ತಾಲ್ಲೂಕು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರು ಅದೇ ಮನೆತನದವರು, ತರಾಸುಗೆ ದೊಡ್ಡಪ್ಪ. ಓದನ್ನು ಅರ್ಧಕ್ಕೆ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದವರು, ಪತ್ರಿಕೆಗಳಲ್ಲಿ ದುಡಿದವರು, ಅನಕೃ, ನಿರಂಜನ, ಕಟ್ಟೀಮನಿಯವರ ಜೊತೆ ಪ್ರಗತಿಶೀಲ ಚಳವಳಿಯಲ್ಲಿ ಗುರುತಿಸಿಕೊಂಡವರು. ಸಾಮಾಜಿಕ ಕಾದಂಬರಿಗಳನ್ನೂ ಬಹಳ ಬರೆದರು. ನಮ್ಮ ಕಡೆಯವರು ಮಾತ್ರ ಅವರನ್ನು ಲೆಕ್ಕಕ್ಕೆ ಹಿಡಿದದ್ದು ಚಿತ್ರದುರ್ಗದ ಕಥೆ ಬರೆದವರು ಎಂದೇ.

ಆಗಿನ ಓದು ಒಬ್ಬರೇ ಕೂತು ಮಾಡುವ ಕೆಲಸವಾಗಿರಲಿಲ್ಲ. ಬಿತ್ತನೆಗೆ ಮುಂಚೆ ಶೇಂಗಾ ಸುಲಿಯುವ ದಿನಗಳಲ್ಲಿ ನಮ್ಮ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಕೂರುತ್ತಿದ್ದರು. ಬೀಜ ಒಡೆಯದಂತೆ ಕೈಯಲ್ಲೇ ಸುಲಿಯಬೇಕು, ಬೆರಳ ತುದಿ ಉರಿಯುತ್ತದೆ, ಬೇಸರ ಹಿಡಿಸುವ ಕೆಲಸ. ಆ ಹೊತ್ತಿಗೆ ನಾನು ‘ಕಂಬನಿಯ ಕುಯಿಲು’ ಗಟ್ಟಿಯಾಗಿ ಓದುತ್ತಿದ್ದೆ. ದಳವಾಯಿ ಮುದ್ದಣ್ಣನ ಕೈಗೆ ಸಿಕ್ಕ ದುರ್ಗ, ಒಬ್ಬರ ಹಿಂದೊಬ್ಬರು ಗದ್ದುಗೆ ಏರಿ ಉರುಳುವ ನಾಯಕರು, ಅರಮನೆಯ ಒಳಗಿನ ಪಿತೂರಿ. ಓದು ಬಾರದ ಆ ಹೆಂಗಸರಿಗೆ ಹೆಸರುಗಳೆಲ್ಲ ಎರಡೇ ದಿನದಲ್ಲಿ ಬಾಯಿಗೆ ಬಂದಿದ್ದವು. ಮಾರನೆಯ ದಿನ ಬರುತ್ತಲೇ, “ಆ ದಳವಾಯಿ ಇನ್ನೂ ಸತ್ತಿಲ್ವೇನು ತಾಯಿ?” ಎಂದು ಕೇಳುತ್ತಿದ್ದರು. ಮುದ್ದಣ್ಣ ಗೆಲ್ಲುತ್ತಿರುವ ಅಧ್ಯಾಯ ಬಂದರೆ ಸುಲಿಯುವ ಕೈಗಳೇ ನಿಂತುಬಿಡುತ್ತಿದ್ದವು. ಒಳಗಿನಿಂದ ಅವ್ವ ಗದರುತ್ತಿದ್ದಳು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೂರನ್ನೂ ಹಾಗೆಯೇ ಓದಿ ಮುಗಿಸಿದೆವು. ಬಿಚ್ಚುಗತ್ತಿ ಭರಮಣ್ಣ ನಾಯಕ ಗದ್ದುಗೆಗೆ ಬಂದದ್ದು 1689ರಲ್ಲಿ ಎಂಬುದು ನನಗೆ ಶಾಲೆಯಲ್ಲಿ ಗೊತ್ತಾದದ್ದಲ್ಲ.

ಶಾಲೆಯ ಚರಿತ್ರೆಯ ಪಾಠದಲ್ಲಿ ನಮ್ಮ ಜಿಲ್ಲೆಗೆ ಸಿಕ್ಕಿದ್ದು ಒಂದೆರಡು ಸಾಲು. ಹೈದರಾಲಿ ಚಿತ್ರದುರ್ಗವನ್ನು ಗೆದ್ದ, ಅಷ್ಟೆ. ವಾಕ್ಯದ ಕರ್ತೃ ಹೈದರಾಲಿ. ನಮ್ಮ ಊರು ಅವನು ಗೆದ್ದ ಊರುಗಳ ಪಟ್ಟಿಯಲ್ಲಿ ಒಂದು. ತರಾಸು ಅದೇ ಘಟನೆಯನ್ನು ಕೋಟೆಯ ಒಳಗೆ ನಿಂತು ಹೇಳಿದರು. ಮುತ್ತಿಗೆ ಹಾಕಿದವನಿಗೆ ದಂಡಿನ ಲೆಕ್ಕ. ಮುತ್ತಿಗೆಗೆ ಸಿಕ್ಕವರಿಗೆ ಧಾನ್ಯದ ಲೆಕ್ಕ, ನೀರಿನ ಲೆಕ್ಕ, ಯಾರನ್ನು ನಂಬುವುದು ಎಂಬ ಲೆಕ್ಕ. ಈ ಎರಡನೆಯದನ್ನು ಅವರು ನಮಗೆ ಕಲಿಸಿದರು.

ಇದನ್ನು ಅವರು ಬರೀ ಕಲ್ಪನೆಯಿಂದ ಕಟ್ಟಿದ್ದಲ್ಲ. ಎಂ.ಎಸ್. ಪುಟ್ಟಣ್ಣನವರು ಅವರಿಗಿಂತ ಮುಂಚೆಯೇ ‘ಚಿತ್ರದುರ್ಗದ ಪಾಳಯಗಾರರು’ ಬರೆದಿದ್ದರು. ದುರ್ಗದ ಹುಲ್ಲೂರು ಶ್ರೀನಿವಾಸ ಜೋಯಿಸರು ಊರಿನ ಬಖೈರು, ಕಾಗದಪತ್ರಗಳಲ್ಲೇ ಬದುಕು ಸವೆಸಿದರು. ಅಂಥವರು ಒಟ್ಟುಮಾಡಿದ ಒಣ ಸಂಗತಿಗಳು ವಿದ್ವಾಂಸರ ಮೇಜು ದಾಟಿ ಪಡಸಾಲೆಗೆ ಬಂದದ್ದು ತರಾಸು ಮೂಲಕ. ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಎಂದು ಒಂದೊಂದೇ ಸೇರಿ, ಒಂದು ಪಾಳೆಯಪಟ್ಟಿನ ಕಥೆ ದೊಡ್ಡ ಸಾಮ್ರಾಜ್ಯದ ಕಥೆಯಷ್ಟು ವಿಸ್ತಾರವಾಯಿತು. ಹಾವೇರಿ ಕಡೆಯ ಗಳಗನಾಥರು ಅವರಿಗೂ ಹಿಂದಿನ ತಲೆಮಾರಿನಲ್ಲಿ ವಿಜಯನಗರದ ಕಥೆ ಬರೆದು, ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಮಾರಿ ಓದುಗರನ್ನು ಹುಟ್ಟಿಸಿದ್ದರು. ಮಾಸ್ತಿಯವರು ಬಿದನೂರು ಮತ್ತು ಕೊಡಗಿನ ಪತನದ ಕಥೆಗಳನ್ನು ‘ಚನ್ನಬಸವನಾಯಕ’, ‘ಚಿಕವೀರರಾಜೇಂದ್ರ’ಗಳಲ್ಲಿ ನ್ಯಾಯಾಧೀಶರ ಸಮಾಧಾನದಿಂದ ಹೇಳಿದರು. ತರಾಸು ಅವರದು ಬೇರೆಯೇ ಬಿಸಿ. ಪ್ರತಿ ಅಧ್ಯಾಯದ ಕೊನೆಗೆ ಓದುಗನ ಕೈ ಹಿಡಿದು ಎಳೆಯುವ ಬರವಣಿಗೆ ಅದು.

ಓದಿದ ಮೇಲೆ ಕೋಟೆ ನೋಡದೆ ಇರಲು ಆಗುತ್ತಿರಲಿಲ್ಲ. ಚಳ್ಳಕೆರೆಯಿಂದ ಬಸ್ಸು ಹತ್ತಿ, ದುರ್ಗದಲ್ಲಿ ಇಳಿದು, ಏಳು ಸುತ್ತಿನ ಕೋಟೆಯ ಬಾಗಿಲು ದಾಟಿದರೆ ಆಗ ಕೇಳುವವರಿರಲಿಲ್ಲ. ಕಳ್ಳಿಗಿಡ, ಸೀತಾಫಲದ ಪೊದೆ, ಮೇಯುವ ಮೇಕೆ, ಒಡೆದ ಬತೇರಿ. ನಾವು ಪುಸ್ತಕವನ್ನೇ ಕೈಯಲ್ಲಿ ಹಿಡಿದು ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ತುಪ್ಪದ ಕೊಳ ಎಂದು ಹುಡುಕಿಕೊಂಡು ಹೋಗುತ್ತಿದ್ದೆವು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಇಳಿದುಬರುವ ಏರ್ಪಾಟನ್ನು ನೋಡಿದಾಗ ಕಾದಂಬರಿಯ ಮುತ್ತಿಗೆಗಳು ಅರ್ಥವಾದವು. ಇಂಥ ಬರಗಾಲದ ಸೀಮೆಯಲ್ಲಿ ಈ ಬೆಟ್ಟ ತಿಂಗಳುಗಟ್ಟಲೆ ತಡೆದುಕೊಂಡದ್ದು ಗೋಡೆಯ ಬಲದಿಂದ ಎಷ್ಟೋ, ಈ ಹೊಂಡಗಳ ಬಲದಿಂದಲೂ ಅಷ್ಟೇ.

ಈಗ ಕೋಟೆಗೆ ಟಿಕೆಟ್ ಇದೆ, ಕಾವಲಿದೆ, ದಾರಿ ಅಚ್ಚುಕಟ್ಟಾಗಿದೆ, ಗಿಡಗಂಟಿ ತೆಗೆದಿದ್ದಾರೆ. ಒಳ್ಳೆಯದೇ ಆಗಿದೆ; ಆಗಿನ ಹಾಳು ನೋಟದಲ್ಲಿ ಯಾವ ದೊಡ್ಡಸ್ತಿಕೆಯೂ ಇರಲಿಲ್ಲ. ಬರುವವರಲ್ಲಿ ಬಹುಪಾಲು ಜನ ಮೊದಲು ಕೇಳುವುದು ಓಬವ್ವನ ಕಿಂಡಿ. ಅದಕ್ಕೆ ದೊಡ್ಡ ಕಾರಣ 1972ರಲ್ಲಿ ಪುಟ್ಟಣ್ಣ ಕಣಗಾಲರು ಮಾಡಿದ ‘ನಾಗರಹಾವು’. ಆ ಚಿತ್ರದ ಬೆನ್ನಿಗಿದ್ದದ್ದೂ ತರಾಸು ಅವರ ಮೂರು ಸಾಮಾಜಿಕ ಕಾದಂಬರಿಗಳು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಟಿಪ್ಪುವಿನ ಎದುರು ಹಾಡಲಾರೆನೆಂದು ನಾಲಗೆಯನ್ನೇ ಕತ್ತರಿಸಿಕೊಂಡ ಭೈರವಿ ವೆಂಕಟಸುಬ್ಬಯ್ಯನ ಕಥೆ ‘ಹಂಸಗೀತೆ’ಯಂತೂ 1956ರಲ್ಲೇ ಹಿಂದಿಗೆ ಹೋಗಿ ‘ಬಸಂತ್ ಬಹಾರ್’ ಆಗಿತ್ತು, 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಕನ್ನಡಕ್ಕೆ ತಂದರು. ತರಾಸು ಹೆಸರು ಗೊತ್ತಿಲ್ಲದವರೂ ಅವರ ದುರ್ಗವನ್ನು ನೋಡಿದ್ದಾರೆ.

‘ದುರ್ಗಾಸ್ತಮಾನ’ 1982ರಲ್ಲಿ ಬಂದಾಗ ನನಗೆ ಕೆಲಸ ಸಿಕ್ಕಿತ್ತು. ಗ್ರಂಥಾಲಯದ ಸಾಲಿನಲ್ಲಿ ನಿಲ್ಲದೆ ಕೊಂಡು ತಂದೆ. ಕೊನೆಯ ಮದಕರಿ ನಾಯಕ 1754ರಲ್ಲಿ ಎಳೆಯ ವಯಸ್ಸಿನಲ್ಲಿ ಗದ್ದುಗೆ ಏರಿ, 1779ರಲ್ಲಿ ಕೋಟೆ ಬಿದ್ದಾಗ ಹೈದರಾಲಿಗೆ ಸೆರೆಯಾಗುವವರೆಗಿನ ಕಥೆ. ಕೊನೆ ಏನೆಂದು ಹೆಸರೇ ಹೇಳಿಬಿಡುತ್ತದೆ. ನಮ್ಮ ಕಡೆಯ ಮಕ್ಕಳಿಗೂ ಅದು ಗೊತ್ತು. ಆದರೂ ಅಪ್ಪ ನಾಲ್ಕು ರಾತ್ರಿ ಲಾಟೀನಿನ ಪಕ್ಕ ಕೂತು ಓದಿದರು. ಕೋಟೆ ಉಳಿದೀತೇನೋ ಎಂಬ ಆತಂಕದಲ್ಲೇ ಓದಿದರು. ಮುಗಿಸಿದ ಬೆಳಗ್ಗೆ ಒಂದು ಕಾರ್ಡು ತರಿಸಿಕೊಂಡು ಲೇಖಕರಿಗೆ ಬರೆದರು. ಪುಸ್ತಕ ಓದಿದೆ, ನಮ್ಮ ಊರನ್ನು ನಮಗೆ ಕೊಟ್ಟಿದ್ದೀರಿ, ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ ಎಂಬಷ್ಟೇ ಒಕ್ಕಣೆ. ಜೀವನದಲ್ಲಿ ಅವರು ಒಬ್ಬ ಲೇಖಕರಿಗೆ ಬರೆದದ್ದು ಅದೊಂದೇ. 1984ರ ಏಪ್ರಿಲ್‌ನಲ್ಲಿ ತರಾಸು ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅಪ್ಪ ಸುದ್ದಿ ಓದಿ, “ನಮ್ಮ ಕಾರ್ಡು ಮೊದಲೇ ಹೋಗಿತ್ತು” ಎಂದರು. ಇಂಥ ಸಾವಿರಾರು ಕಾರ್ಡುಗಳ ಬಲದ ಮೇಲೆ ಬರೆದ ಲೇಖಕರು ಅವರು. ನವ್ಯದ ವಿಮರ್ಶೆ ಜನಪ್ರಿಯ ಕಾದಂಬರಿಯನ್ನು ಬದಿಗೆ ಸರಿಸಿದ ವರ್ಷಗಳಲ್ಲಿ ಅವರ ಕೈ ಬಿಡದೆ ನಿಂತವರು ಓದುಗರು.

ಈಗ ಅದೇ ಕಾದಂಬರಿಗಳನ್ನು ಮತ್ತೆ ಓದಿದರೆ ಆಗ ಕಾಣದ ಕೆಲವು ಸಂಗತಿಗಳು ಕಾಣುತ್ತವೆ. ಮಾತು ಹಲವು ಕಡೆ ಉದ್ದ. ಅರಮನೆಯ ಹೆಣ್ಣುಮಕ್ಕಳು ಧೀರರಾಗಿ ಸಾಯುವುದಕ್ಕೆ ಸಿಗುವಷ್ಟು ಪುಟಗಳು ಅವರು ಬದುಕುವುದಕ್ಕೆ ಸಿಗುವುದಿಲ್ಲ. ಕೋಟೆ ಬಿದ್ದ ಮೇಲೆ ಸಾಮಾನ್ಯ ಜನಕ್ಕೆ ಏನಾಯಿತು ಎಂಬುದು ನನ್ನನ್ನು ಈಗ ಹೆಚ್ಚು ಕಾಡುತ್ತದೆ. ನಾಯಕನ ಮೇಲೆ ಬೇಡ ಜನಕ್ಕಿದ್ದ ನಿಷ್ಠೆಯನ್ನು ಮುರಿಯಬೇಕೆಂದು ಹೈದರಾಲಿ ದುರ್ಗದ 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಅವರ ಗಂಡುಮಕ್ಕಳನ್ನು ಮತಾಂತರಿಸಿದ ಸೆರೆಯಾಳುಗಳ ‘ಚೇಲಾ’ ಪಡೆಗಳಿಗೆ ಸೇರಿಸಿದ ಎಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾನೆ. ನಾಯಕನ ಸೆರೆಗೆ ಕಾದಂಬರಿ ಸಿಕ್ಕಿತು; ಊರು ಬಿಟ್ಟು ನಡೆದ ಆ ಜನರ ಕಥೆ ಬರೆಯುವವರಿಗಾಗಿ ಇನ್ನೂ ಕಾದಿದೆ. ದುರ್ಗದವರೇ ಆದ ಬಿ.ಎಲ್. ವೇಣು ಅವರು ತರಾಸು ನಂತರ ಈ ನೆಲದ ಕಥೆಯನ್ನು ಮುಂದುವರಿಸಿದರು. ಇನ್ನೂ ಬರೆಯುವವರಿಗೆ ಜಾಗ ಬಹಳ ಇದೆ.

ಇನ್ನೊಂದು ಮಾತನ್ನೂ ಹೇಳಬೇಕು. ಈಗ ಸಭೆಗಳಲ್ಲಿ ಕಾದಂಬರಿಯ ಸಂಭಾಷಣೆಯನ್ನೇ ಚರಿತ್ರೆಯ ಸಾಕ್ಷಿಯಂತೆ ಹೇಳುವವರಿದ್ದಾರೆ. ಮದಕರಿ ಹೀಗೆ ಅಂದ, ಹೈದರ ಹಾಗೆ ಅಂದ ಎಂದು ಜಗಳಕ್ಕೂ ನಿಲ್ಲುತ್ತಾರೆ. ತರಾಸು ಅವರನ್ನು ಪ್ರೀತಿಸುವವರು ಹೀಗೆ ಮಾಡಬಾರದು. ಯಾವ ಶಾಸನ, ಯಾವ ಬಖೈರೂ ಹೇಳದ ಕಡೆ ಕಾದಂಬರಿಕಾರ ಊಹಿಸುತ್ತಾನೆ. ಆ ಊಹೆಯೇ ಅವನ ಕಲೆ. ಅದನ್ನು ದಾಖಲೆಯೆಂದು ಹಿಡಿದರೆ ಚರಿತ್ರೆಗೂ ಅನ್ಯಾಯ, ಕಾದಂಬರಿಗೂ ಅನ್ಯಾಯ.

ಪುಸ್ತಕಗಳು ಈಗ ಸಿಗುತ್ತವೆ, ಮೊದಲಿಗಿಂತ ಒಳ್ಳೆಯ ಅಚ್ಚಿನಲ್ಲಿ. ದಿನಕ್ಕಿಷ್ಟೆಂದು ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಅಂಗಡಿಗಳು ಮಾತ್ರ ನಮ್ಮ ಕಡೆ ಒಂದೂ ಉಳಿದಿಲ್ಲ. ಶೇಂಗಾ ಸುಲಿಯಲು ಯಂತ್ರ ಬಂದಿದೆ. ಆ ಹೆಂಗಸರ ಬೆರಳಿಗೆ ಬಿಡುವಾದದ್ದು ನನಗೆ ಸಂತೋಷವೇ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಕಳೆದ ವರ್ಷ ‘ದುರ್ಗಾಸ್ತಮಾನ’ವನ್ನು ಬಸ್ಸಿನ ಪ್ರಯಾಣದಲ್ಲಿ ಓದಿ ಮುಗಿಸಿದಳು. ಮುಗಿಸಿದ ದಿನವೇ ಫೋನು ಮಾಡಿ, “ದೊಡ್ಡಮ್ಮ, ಅಷ್ಟು ದಿನ ತಡೆದವರು ಒಳಗಿನವರನ್ನು ಯಾಕೆ ನಂಬಿದರು?” ಎಂದು ಕೇಳಿದಳು. ಶೇಂಗಾ ಸುಲಿಯುವವರು ಕೇಳುತ್ತಿದ್ದದ್ದೂ ಇಂಥ ಪ್ರಶ್ನೆಯನ್ನೇ. ಮೊದಲು ಮುದ್ದಣ್ಣನ ಕಾಲದ ಮೂರು ಕಾದಂಬರಿ ಓದು, ಆಮೇಲೆ ಮಾತಾಡೋಣ ಎಂದೆ.

ನಾವು ತರಾಸು ಅವರಿಗೆ ಕೃತಜ್ಞರಾಗಿರಬೇಕಾದದ್ದು ಸಂತೋಷಕ್ಕಾಗಿ, ಇದನ್ನು ಸಂಕೋಚವಿಲ್ಲದೆ ಹೇಳಬೇಕು. ಬಡತನದ, ಬರದ, ದುಡಿಮೆಯ ಸೀಮೆಯೊಂದಕ್ಕೆ ಮೂವತ್ತು ವರ್ಷ ಅವರು ಪುಟಪುಟಕ್ಕೂ ಸಂತೋಷ ಕೊಟ್ಟರು. ಅದು ಸಣ್ಣ ಕೊಡುಗೆಯಲ್ಲ. ಓದಿನ ರುಚಿ ಹತ್ತಿದವರು ಆಮೇಲೆ ಕಾರಂತರನ್ನೂ ಓದಿದರು, ಕುವೆಂಪು ಅವರನ್ನೂ ಓದಿದರು. ಕೆಲವರು ಬಖೈರು, ಶಾಸನಗಳವರೆಗೂ ಹೋದರು. ಎರಡನೆಯ ಕೃತಜ್ಞತೆ, ಸೋತವರ ಕಥೆಯನ್ನೂ ತಲೆ ಎತ್ತಿ ಹೇಳಬಹುದೆಂದು ತೋರಿಸಿಕೊಟ್ಟದ್ದಕ್ಕೆ. ನಮ್ಮ ಊರು ಬಿದ್ದ ಊರು ಎಂಬ ಒಂದು ಸಾಲಿನ ಪಾಠವನ್ನು ಅವರು ಅಳಿಸಿ, ಅದು ಬೀಳುವ ಮೊದಲು ಹೇಗೆ ನಿಂತಿತ್ತು ಎಂಬುದನ್ನು ಬರೆದರು. ಈ ಋಣ ತೀರಿಸುವ ದಾರಿ ಪ್ರತಿಮೆ ನಿಲ್ಲಿಸುವುದಲ್ಲ, ಜಯಂತಿ ಭಾಷಣವೂ ಅಲ್ಲ. ಅವರ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಬೇಕು, ಕೊಟ್ಟ ಮೇಲೆ ಅವರು ಕೇಳುವ ಕಠಿಣ ಪ್ರಶ್ನೆಗಳಿಗೆ ಕೂತು ಉತ್ತರ ಹುಡುಕಬೇಕು. ಲೇಖಕನೊಬ್ಬ ತೀರಿಕೊಂಡು ನಾಲ್ಕು ದಶಕ ಕಳೆದ ಮೇಲೂ ಓದುಗರು ಅವನ ಜೊತೆ ವಾದಕ್ಕೆ ಇಳಿಯುತ್ತಿದ್ದಾರೆ ಎಂದರೆ ಅವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿದೆ ಎಂದೇ ಅರ್ಥ.