ಕೊಪ್ಪಳ ಸೀಮೆಯ ಅನ್ನೋದಕ

ಪ್ರವಾಸವೆಂದರೆ ಗುಡಿ, ಕೋಟೆ, ಶಿಲಾಶಾಸನಗಳನ್ನು ನೋಡಿ ಬರುವದೆಂಬ ಭಾವನೆಯು ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವದು. ಅದು ತಪ್ಪೇನೂ ಅಲ್ಲ. ಆದರೆ ಒಂದು ಸೀಮೆಯ ಮಣ್ಣು, ಮಳೆ, ಜನರ ನಡೆನುಡಿ ಇವುಗಳ ಗುರುತು ಅಲ್ಲಿಯ ಗೋಪುರಗಳಿಗಿಂತ ಅಲ್ಲಿಯ ಒಲೆಗಳಿಂದಲೇ ಬೇಗನೆ ಆಗುವದೆಂಬದು ನಮ್ಮ ಸ್ವಾನುಭವ. ಕಳೆದ ಮಾಘಮಾಸದಲ್ಲಿ ಎರಡು ದಿವಸಗಳ ಬಿಡುವು ದೊರೆತಾಗ, ಯಲಬುರ್ಗಿ, ಕುಷ್ಟಗಿ, ಗಂಗಾವತಿ, ಕೊಪ್ಪಳ ಈ ನಾಲ್ಕೂ ಊರುಗಳನ್ನು ಸುತ್ತಿ, ಅಲ್ಲಲ್ಲಿಯ ಖಾನಾವಳಿ ಚಹದಂಗಡಿಗಳಲ್ಲಿಯೇ ಉಂಡು ತಿಂದು ಬರಬೇಕೆಂದು ನಿಶ್ಚಯಿಸಿ ಗದಗಿನಿಂದ ಮೋಟಾರಿನಲ್ಲಿ ಹೊರಟೆವು. ನಾನು, ನನ್ನ ಮಡದಿ, ಹತ್ತು ವರುಷದ ಮಗ, ಮತ್ತು ನಮ್ಮ ಅವ್ವ, ಹೀಗೆ ನಾಲ್ವರು.

ಅವ್ವನ ವಿಷಯವಾಗಿ ಮೊದಲೇ ಎರಡು ಮಾತು ಹೇಳಬೇಕು. ಆಕೆಗೆ ಈಗ 78 ವರುಷ. ಇಷ್ಟು ದೀರ್ಘ ಆಯುಷ್ಯದಲ್ಲಿ ಆಕೆ ಒಮ್ಮೆಯೂ ಹೋಟೆಲಿನ ಬಾಂಕಿನ ಮೇಲೆ ಕುಳಿತವಳಲ್ಲ. ಹೊರಟ ದಿವಸ ನಸುಕಿನಲ್ಲಿಯೇ ಎದ್ದು ಬುತ್ತಿ ಕಟ್ಟಿದಳು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ, ಒಂದು ತಂಬಿಗೆ ನೀರು. “ನೀವು ಏನ ಬೇಕಾದ್ದು ತಿನ್ರಿ, ನನ್ನ ಬುತ್ತಿ ನನಗ” ಎಂದು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ನಾವಾರೂ ಎದುರಾಡಲಿಲ್ಲ.

ಬನ್ನಿಕೊಪ್ಪದ ಬಳಿ ಹೆದ್ದಾರಿಯನ್ನು ಬಿಟ್ಟು ಇಟಗಿಗೆ ಹೋದೆವು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವು ಅಲ್ಲಿರುವದು. ‘ದೇವಾಲಯ ಚಕ್ರವರ್ತಿ’ ಎಂಬ ಅದರ ಬಿರುದು ಸಾರ್ಥಕವೆಂದಷ್ಟೇ ಹೇಳಿ ಮುಂದರಿಯುವೆನು. ಅಲ್ಲಿಂದ ಕುಕನೂರಿನ ಮೇಲೆ ಹಾದು ಯಲಬುರ್ಗಿಯನ್ನು ಸೇರುವಾಗ ದಾರಿಯ ಎರಡೂ ಮಗ್ಗಲು ಕಪ್ಪು ಎರೆಯ ಭೂಮಿ. ಹಿಂಗಾರಿ ಜೋಳ ತೆನೆದೂಗುತ್ತ ನಿಂತಿದ್ದಿತು. ಆ ಹೊಲವನ್ನು ನೋಡಿದವನಿಗೆ ಮಧ್ಯಾಹ್ನದ ಊಟವೇನೆಂಬದನ್ನು ಬೇರೆ ಕೇಳುವ ಕಾರಣವಿಲ್ಲ.

ಯಲಬುರ್ಗಿಯಲ್ಲಿ ನಾವು ಹೊಕ್ಕ ಖಾನಾವಳಿಗೆ ಅಲಂಕಾರವೆಂಬದಿಲ್ಲ. ನಾಲ್ಕು ಮೇಜು, ಎಂಟು ಬಾಂಕು, ಗೋಡೆಯ ಮೇಲೆ ಬಸವಣ್ಣನವರ ಪಟ. ಆದರೆ ಒಳಗಿನಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸದ್ದು ಎಲ್ಲ ಅಲಂಕಾರಗಳನ್ನೂ ಮೀರಿದ್ದು. ಕುದಿನೀರಿನಲ್ಲಿ ನಾದಿದ ಹಿಟ್ಟನ್ನು ಅಂಗೈಯಿಂದ ಬಡಿಬಡಿದು ಹಿಗ್ಗಿಸಿ, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ ಹಾಕಿದೊಡನೆ ರೊಟ್ಟಿಯು ಉಬ್ಬಿ ಬರುವದು. ಅದು ತಣಿಯುವದರೊಳಗಾಗಿ ತಾಟಿಗೆ ಬೀಳಬೇಕು. ಜೊತೆಗೆ ಎಣ್ಣೆಗಾಯಿ ಬದನೆ, ಮಡಕಿಕಾಳಿನ ಪಲ್ಯ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಇಲ್ಲಿ ಊಟಕ್ಕೆ ಒಂದೇ ದರ. ರೊಟ್ಟಿಯನ್ನು ಎಣಿಸುವ ರೂಢಿಯಿಲ್ಲ. ನಾವು ಸಾಕೆಂದರೂ ಬಡಿಸುವ ತಾಯಿಯು “ಇನ್ನೊಂದ ಅರ್ಧರ ಹಾಕ್ಕೊಳ್ರಿ” ಎನ್ನುತ್ತಲೇ ಇದ್ದಳು.

ಅವ್ವ ಹೊರಗೆ ಬೇವಿನ ನೆರಳಿನಲ್ಲಿ ತನ್ನ ಬುತ್ತಿ ಬಿಚ್ಚಿದ್ದಳು. ಅದನ್ನು ಕಂಡ ಆ ತಾಯಿಯು ಏನೂ ಅನ್ನದೆ ಒಂದು ಬಟ್ಟಲು ಎಣ್ಣೆಗಾಯಿಯನ್ನು ಒಯ್ದು ಅವ್ವನ ಬಳಿಯಲ್ಲಿಟ್ಟು ಬಂದಳು. ಅವ್ವ ಅದನ್ನು ಮುಟ್ಟಲಿಲ್ಲ. ಆದರೆ ಬಟ್ಟಲನ್ನು ತಿರುಗಿ ಕೊಡುವಾಗ ಆಕೆಯ ಮೋರೆಯ ಮೇಲೆ ಸಂಕೋಚವಿದ್ದಿತೆಂದು ನನ್ನ ಮಡದಿ ಆಮೇಲೆ ನನಗೆ ಹೇಳಿದಳು.

ಯಲಬುರ್ಗಿಯಿಂದ ಕುಷ್ಟಗಿಗೆ ಬರುವಾಗ ಕರಿಯ ಮಣ್ಣು ಹೋಗಿ ಕೆಂಪು ಮಣ್ಣು ಹೆಚ್ಚುವದು. ಜೋಳದ ಜಾಗಕ್ಕೆ ಸಜ್ಜೆ ಬರುವದು. ಸಜ್ಜಿ ರೊಟ್ಟಿಯು ಜೋಳದ ರೊಟ್ಟಿಗಿಂತ ತುಸು ಒರಟು, ತುಸು ಸಿಹಿ. ಮೇಲೆ ಎಳ್ಳು ಅಂಟಿಸಿ ತೆಳ್ಳಗೆ ಒಣಗಿಸಿದರೆ ತಿಂಗಳುಗಟ್ಟಲೆ ಕೆಡದು. ವಿಜಯಪುರ, ಇಳಕಲ್ಲುಗಳಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯು ಕುಷ್ಟಗಿಯನ್ನು ಹಾಯ್ದು ಹೋಗುವದರಿಂದ ಇಲ್ಲಿಯ ದಾರಿಬದಿಯ ಧಾಬಾಗಳಲ್ಲಿ ಹಗಲಿರುಳೂ ಲಾರಿಗಳ ಸಂದಣಿ. ಆದರೂ ಈ ಊರಿನ ಗುಣವನ್ನು ಅರಿಯಬೇಕಾದರೆ ಪೇಟೆಯ ಚಹದಂಗಡಿಗೇ ಹೋಗಬೇಕು. ಕಾಫಿಯು ಈ ಸೀಮೆಗೆ ನಂಟನಂತೆ ಬಂದದ್ದು. ಚಹವೇ ಮನೆಯ ಮಗನು. ಇಬ್ಬರು ಕೂಡಿ ಒಂದನ್ನು ಹಂಚಿಕೊಂಡು ಕುಡಿಯುವ ‘ಬೈಟೂ’ ಇಲ್ಲಿ ಬಡತನದ ಗುರುತಲ್ಲ, ಸ್ನೇಹದ ಗುರುತು.

ಗೃಹಸ್ಥರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಕುಷ್ಟಗಿ, ಯಲಬುರ್ಗಿ ಭಾಗಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿ ಇರುವದು. ಅಂಥ ನೀರನ್ನು ಬಹುಕಾಲ ಕುಡಿದವರ ಹಲ್ಲು ಕಂದುಗಟ್ಟುವವು, ಎಲುಬು ಕೀಲುಗಳು ಬಿರುಸಾಗುವವು. ಕುದಿಸಿದರೆ ಈ ದೋಷವು ಹೋಗದು. ಎರಡು ದಿವಸದ ಪ್ರವಾಸಿಗೆ ಇದರಿಂದ ಹಾನಿಯಿಲ್ಲವಾದರೂ, ಊರವರು ಹೋಗುವ ಶುದ್ಧ ನೀರಿನ ಘಟಕದಿಂದಲೇ ನೀರು ತುಂಬಿಕೊಳ್ಳುವದು ಲೇಸು.

ಕುಷ್ಟಗಿಯಿಂದ ತಾವರಗೇರಿ, ಕನಕಗಿರಿಗಳ ಮೇಲೆ ಹಾದು ಗಂಗಾವತಿಗೆ ಹೊರಟೆವು. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಗಾದೆಯು ಎಲ್ಲರಿಗೂ ಗೊತ್ತು. ಆದರೆ ಆ ದಿವಸ ನನ್ನ ಕಣ್ಣು ಕಂಡದ್ದು ಬೇರೆ. ದಾರಿಯ ಒಂದು ಹಳ್ಳಿಯಲ್ಲಿ (ಅದರ ಹೆಸರು ಇಲ್ಲಿ ಬೇಡ) ಚಹಕ್ಕಾಗಿ ನಿಂತೆವು. ಬಾಂಕಿನ ಮೇಲೆ ಐದಾರು ಜನ ಗಾಜಿನ ಗ್ಲಾಸುಗಳಲ್ಲಿ ಚಹ ಕುಡಿಯುತ್ತಿದ್ದರು. ಹೆಗಲ ಮೇಲೆ ಕುಡುಗೋಲು ಇಟ್ಟುಕೊಂಡ ಮುದುಕನೊಬ್ಬನು ಬಂದು ಅಂಗಡಿಯ ಚಪ್ಪರದ ಹೊರಗೇ ನಿಂತನು. ಅಂಗಡಿಯವನು ಅವನನ್ನು ಏನೂ ಕೇಳದೆ ಕಾಗದದ ಲೋಟದಲ್ಲಿ ಚಹ ಸುರಿದು ಕಟ್ಟೆಯ ಅಂಚಿಗೆ ಇಟ್ಟನು. ಮುದುಕನೂ ಏನೂ ಅನ್ನದೆ ರೊಕ್ಕ ಇಟ್ಟು, ಲೋಟ ತೆಗೆದುಕೊಂಡು, ದೂರದ ಕಲ್ಲಿನ ಮೇಲೆ ಕುಳಿತು ಕುಡಿದನು.

“ಅಪ್ಪಾ, ಆ ಅಜ್ಜಗ ಯಾಕ ಗ್ಲಾಸ್ ಕೊಡಲಿಲ್ಲ?” ಎಂದು ಮಗನು ಕೇಳಿದನು.

“ಗ್ಲಾಸು ತೀರಿರಬೇಕು” ಎಂದೆನು. ತೊಳೆದ ಗ್ಲಾಸುಗಳು ಹತ್ತು ಹನ್ನೆರಡು ಅವನ ಕಣ್ಣೆದುರಿಗೇ ಬೋರಲಾಗಿದ್ದವು. ಹುಡುಗನು ಅವುಗಳನ್ನೂ ನೋಡಿದನು, ನನ್ನನ್ನೂ ನೋಡಿದನು, ಮತ್ತೆ ಕೇಳಲಿಲ್ಲ. ಗಂಗಾವತಿಯವರೆಗೆ ಮೋಟಾರಿನಲ್ಲಿ ಮಾತು ಹುಟ್ಟಲಿಲ್ಲ.

ಗಂಗಾವತಿಯು ಬೇರೊಂದೇ ಲೋಕ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಹರಿದ ಮೇಲೆ ಒಣಬೇಸಾಯದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕರಾವಳಿಯ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ನೆಲೆಸಿದರು. ಅಕ್ಕಿಯ ಗಿರಣಿಗಳು ಎದ್ದವು. ರೊಟ್ಟಿಯ ಸೀಮೆಯ ನಡುವೆ ಅನ್ನದ ದ್ವೀಪವೊಂದು ಹೀಗೆ ಹುಟ್ಟಿತು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಈ ಪೇಟೆಯ ಎದೆಯೇ ಒಡೆದಂತಾದದ್ದು ಸಹಜ. ಇಲ್ಲಿಯ ಒಲೆಯು ಉರಿಯುವದು ಆ ನೀರಿನ ಬಲದಿಂದ.

ರಾತ್ರಿ ಆಂಧ್ರದವರ ಮೆಸ್ಸಿನಲ್ಲಿ ಉಂಡೆವು. ಬಿಸಿ ಅನ್ನ, ಪಪ್ಪು, ಪುಡಿ, ತುಪ್ಪ, ಗೋಂಗೂರ ಪಚ್ಚಡಿ. ಅವ್ವ ಉಣ್ಣದಿದ್ದರೂ ನಮ್ಮೊಡನೆ ಒಳಗೆ ಬಂದು ಕುಳಿತಿದ್ದಳು. ಪಚ್ಚಡಿಯ ವಾಸನೆ ಹಿಡಿದು, “ಇದು ನಮ್ಮ ಪುಂಡಿಪಲ್ಯ ಅಲ್ಲೇನ?” ಎಂದಳು. ಬಡಿಸುತ್ತಿದ್ದ ಹೆಣ್ಣುಮಗಳು ನಕ್ಕು, “ಹೌದ್ರಿ ಅಮ್ಮಾರೆ, ಸೊಪ್ಪು ಒಂದೇ” ಎಂದಳು. ನಾವು ಅದನ್ನು ಜೋಳದ ನುಚ್ಚು, ಬೇಳೆ ಹಾಕಿ ಕುದಿಸುವೆವು. ಅವರು ಎಣ್ಣೆಯಲ್ಲಿ ಬಾಡಿಸಿ ಒಣ ಮೆಣಸಿನಕಾಯಿಯೊಡನೆ ರುಬ್ಬುವರು. ಆ ಇಬ್ಬರು ಹೆಂಗಸರು ಆ ಸೊಪ್ಪಿನ ಮೇಲೆ ಕಾಲು ತಾಸು ಮಾತಾಡಿದರು.

ಮಲಗುವ ಮುಂದೆ ಅವ್ವ ನನ್ನನ್ನು ಕರೆದಳು. “ಹುಡುಗಗ ಸುಳ್ಳ ಯಾಕ ಹೇಳಿದಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ತುಸು ಹೊತ್ತಿನ ಮೇಲೆ ಆಕೆಯೇ ಹೇಳಿದಳು: “ನಮ್ಮ ತವರಮನಿ ಹಿತ್ತಲ ಗ್ವಾಡಿ ಮ್ಯಾಲ ಒಂದು ತೆಂಗಿನ ಚಿಪ್ಪು ಇರತಿತ್ತು. ಹೊಲದಾಗ ದುಡಿಯಾಂವಗ ಅದರಾಗ ಚಹ ಹಾಕತಿದ್ರು. ದಿನಾ ನೋಡತಿದ್ದೆ. ನಿನ್ನ ಮಗ ಕೇಳಿದಂಗ ನಾ ಒಂದ ದಿನಾನೂ ಯಾರನ್ನೂ ಕೇಳಲಿಲ್ಲ.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾವು ಮಲಗಿದ್ದ ಊರಿನ ತಾಲೂಕಿನಲ್ಲಿಯೇ ಮರಕುಂಬಿಯಿರುವದು. ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ ತಮಗೂ ಪ್ರವೇಶ ಬೇಕೆಂದು ಅಲ್ಲಿಯ ದಲಿತರು ಕೇಳಿದ್ದರ ಬೆನ್ನಿಗೆ ಬೆಳೆದ ವೈಷಮ್ಯವು 2014ರ ಆಗಸ್ಟಿನಲ್ಲಿ ಹೊತ್ತಿಕೊಂಡು ಅವರ ಮನೆಗಳನ್ನೇ ಸುಟ್ಟಿತು. ಕೊಪ್ಪಳದ ಜಿಲ್ಲಾ ನ್ಯಾಯಾಲಯವು 2024ರ ಅಕ್ಟೋಬರ್ 24ರಂದು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಮೇಲ್ಮನವಿಯಲ್ಲಿ ಉಚ್ಚ ನ್ಯಾಯಾಲಯವು ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. 1950ರಿಂದ ಜಾರಿಯಲ್ಲಿರುವ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ ಎಂದು ಹೆಸರು ಹಿಡಿದೇ ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿ ತಡೆಯಬಾರದೆಂದು ವಿಧಿಸಿರುವದು. ಘಟನೆಯನ್ನು ಬರೆದ ಹಿರಿಯರಿಗೆ ಒಂದು ಲೋಟ ಚಹದ ಬೆಲೆಯು ಗೊತ್ತಿದ್ದಿತು. ಬಾಂಕಿನ ಮೇಲೆ ಕುಳಿತ ನನ್ನಂಥವನಿಗೆ ಅದು ಗೊತ್ತಿರಲಿಲ್ಲ.

ಮರುದಿನ ಮುಂಜಾನೆ ಪೇಟೆಯಲ್ಲಿ ಒಗ್ಗರಣೆ ಮಿರ್ಚಿಯ ಫಲಾಹಾರ. ಹುಬ್ಬಳ್ಳಿ ಧಾರವಾಡದವರು ಸುಸಲಾ ಎನ್ನುವದನ್ನೇ ಇಲ್ಲಿಯವರು ಒಗ್ಗರಣೆ ಎನ್ನುವರು. ಮಂಡಾಳನ್ನು ನೀರಿನಲ್ಲಿ ಅದ್ದಿದಂತೆ ಮಾಡಿ ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಅರಿಸಿನ, ಹುಣಸೆಯ ಹುಳಿಗಳ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುವರು. ಮಗ್ಗುಲಲ್ಲಿ ಬಿಸಿ ಮಿರ್ಚಿ ಭಜಿ. ತಿನ್ನುತ್ತಲೇ ನಾನು ಮಗನಿಗೆ ನಿನ್ನೆಯ ನಿಜವನ್ನು ಹೇಳಿದೆನು. “ಗ್ಲಾಸು ತೀರಿರಲಿಲ್ಲ. ಅವರು ಬೇಕಂತ ಕೊಡಲಿಲ್ಲ. ನಾನೂ ಕೇಳಲಿಲ್ಲ” ಎಂದೆನು. “ನನಗ ಗೊತ್ತಿತ್ತು” ಎಂದನು. ಆ ಮಾತಿನ ಖಾರವು ಮಿರ್ಚಿಯ ಖಾರಕ್ಕಿಂತ ಹೆಚ್ಚಾಗಿತ್ತು.

ಅಲ್ಲಿಂದ ಕೊಪ್ಪಳಕ್ಕೆ. ಕವಿರಾಜಮಾರ್ಗದ ಕಾಲಕ್ಕೇ ತಿರುಳ್ಗನ್ನಡದ ಸೀಮೆಯಲ್ಲಿ ಎಣಿಕೆಗೆ ಬಂದ ಕೊಪಣ ನಗರವಿದು. ಅಶೋಕನ ಶಾಸನಗಳು ಗವಿಮಠದ ಬಳಿಯಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವವು. 1948ರ ವರೆಗೆ ನಿಜಾಮರ ಸೀಮೆಯಲ್ಲಿ ಸಾಲಾರಜಂಗರ ಜಹಗೀರಾಗಿದ್ದ ಈ ಊರು 1997ರಲ್ಲಿ ಜಿಲ್ಲೆಯ ಠಾಣೆಯಾಯಿತು. ಗವಿಸಿದ್ಧೇಶ್ವರ ಮಠದ ದಾಸೋಹದ ಕೀರ್ತಿಯನ್ನು ಕೇಳದವರಾರು? ಜಾತ್ರೆಯ ದಿವಸಗಳಲ್ಲಿ ಸುತ್ತಲಿನ ಹಳ್ಳಿಗಳ ತಾಯಂದಿರು ಮನೆಮನೆಯಲ್ಲಿ ಬಡಿದ ರೊಟ್ಟಿಗಳು ಚಕ್ಕಡಿ, ಟ್ರಾಕ್ಟರುಗಳಲ್ಲಿ ಲಕ್ಷಗಟ್ಟಲೆಯಾಗಿ ಬಂದು ಬೀಳುವವು. ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬಿದ್ದಿತೆಂದು ಅಲ್ಲಿ ಕೇಳುವವರಿಲ್ಲ.

ಜಾತ್ರೆ ಮುಗಿದಿದ್ದರೂ ದಾಸೋಹ ನಡೆದೇ ಇದ್ದಿತು. ಅವ್ವ ನಮ್ಮೊಡನೆ ಪಂಕ್ತಿಯಲ್ಲಿ ಕುಳಿತು ಉಂಡಳು. ಮಠದ ಪ್ರಸಾದಕ್ಕೆ ಆಕೆಯ ಅಡ್ಡಿ ಎಂದೂ ಇದ್ದಿಲ್ಲ. ಮೊಮ್ಮಗನು ಬಿಡಲಿಲ್ಲ. “ಅಜ್ಜಿ, ಇಲ್ಲಿ ಎಲ್ಲಾರ ಜೋಡಿ ಉಂಡಿ. ಹೋಟೆಲ್‌ನ್ಯಾಗ ಯಾಕ ಒಲ್ಲಿ?” ಎಂದನು. ಅವ್ವ ಬಹಳ ಹೊತ್ತು ಸುಮ್ಮನಿದ್ದು, “ಇಲ್ಲಿ ದೇವರ ಮುಂದ ಅಂಜಿಕಿ ಅದಪ್ಪಾ” ಎಂದಳು.

ಸಂಜೆ ಗದಗಿನ ದಾರಿ ಹಿಡಿಯುವ ಮುನ್ನ ಕೊಪ್ಪಳದ ಪೇಟೆಯ ಚಹದಂಗಡಿಯೊಂದರ ಮುಂದೆ ನಿಂತೆವು. ಬಾಂಕಿನ ಮೇಲೆ ಹಮಾಲರು, ಕಾಲೇಜಿನ ಹುಡುಗರು, ಸಂತೆಯಿಂದ ಹೊರಟ ಹೆಂಗಸರು ಕಿಕ್ಕಿರಿದಿದ್ದರು. ಅವ್ವ ತಾನಾಗಿಯೇ ಮೋಟಾರಿನಿಂದಿಳಿದು ಬಂದಳು. ಹಮಾಲನೊಬ್ಬನು ಸರಿದು ಜಾಗ ಕೊಟ್ಟನು. “ಏನ್ ಕೊಡ್ಲಿರಿ ಅವ್ವಾರ?” ಎಂದು ಅಂಗಡಿಯ ಹುಡುಗನು ಕೇಳಿದನು. ವಯಸ್ಸಾದವರೆಂದು ಹೊಸ ಕಾಗದದ ಲೋಟವನ್ನು ಅವನು ಕೈಗೆ ತೆಗೆದುಕೊಂಡದ್ದನ್ನು ಕಂಡು ಅವ್ವ, “ಅದು ಬ್ಯಾಡಪ್ಪಾ. ಎಲ್ಲಾರಿಗೂ ಕೊಡೂ ಗ್ಲಾಸಿನ್ಯಾಗ ಕೊಡು” ಎಂದಳು.

ಕುಡಿದಾದ ಮೇಲೆ ಹೇಗಿತ್ತೆಂದು ಮಡದಿ ಕೇಳಿದಳು. “ಸಕ್ಕರಿ ಜಾಸ್ತಿ” ಎಂದು ಅವ್ವ ಗ್ಲಾಸನ್ನು ಕೆಳಗಿಟ್ಟಳು.

ವಾಚಕ ಮಹಾಶಯರೇ, ಈ ಸೀಮೆಗೆ ನೀವೂ ಹೋಗಿರಿ. ಯಲಬುರ್ಗಿಯಲ್ಲಿ ಬಿಸಿ ರೊಟ್ಟಿ, ಕುಷ್ಟಗಿಯಲ್ಲಿ ಬೈಟೂ ಚಹ, ಗಂಗಾವತಿಯಲ್ಲಿ ಒಗ್ಗರಣೆ ಮಿರ್ಚಿ, ಕೊಪ್ಪಳದಲ್ಲಿ ದಾಸೋಹ, ಇವನ್ನು ತಪ್ಪಿಸಬೇಡಿರಿ. ದಾರಿಯಲ್ಲಿ ಎಲ್ಲಿಯಾದರೂ ಒಬ್ಬನು ಚಪ್ಪರದ ಹೊರಗೆ ನಿಂತು ಚಹ ಕುಡಿಯುತ್ತಿರುವದನ್ನು ಕಂಡರೆ, ನಾನು ಕೇಳದೆ ಬಿಟ್ಟ ಮಾತನ್ನು ನೀವು ಕೇಳಿರಿ. ಬಾಂಕಿನ ಮೇಲೆ ಸರಿದು ಕುಳಿತರೆ ಇನ್ನೊಬ್ಬರಿಗೆ ಜಾಗವಾಗುವದು.