ಮಳೆ ಕಾಣುವ ಮಂಟಪ

ಹಿತ್ತಿಲ ತೋಟದಲ್ಲಿ ಒಂದು ಗಝೀಬೊ ಹಾಕಿಸೋಣ ಎಂದಾಗ ಅಮ್ಮ ಆ ಹೆಸರನ್ನು ಬದಿಗಿಟ್ಟು ಹೇಳಿದ್ದು ಇಷ್ಟೇ: "ಕೂಕಂಡ್ ಮಳಿ ಕಾಂಬುಕೆ ಒಂದ್ ಜಾಗ ಇದ್ರ್ ಸಾಕ್ ಮಗಾ."

ಕುಂದಾಪುರದ ಕಡೆಯ ನಮ್ಮ ಮನೆಗಳಲ್ಲಿ ಚಪ್ಪರಕ್ಕೆ ಬರವಿರಲಿಲ್ಲ. ಮಳೆ ಕಳೆದ ಮೇಲೆ ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು, ಹೆಣೆದ ಮಡಲು ಹೊದೆಸುತ್ತಿದ್ದರು. ಮುಂದಿನ ಮಳೆ ಬರುವ ಮುಂಚೆ ಕಳಚಿ ಕಟ್ಟಿಡುತ್ತಿದ್ದರು. ಆ ಚಪ್ಪರ ಬಿಸಿಲಿಗೆ ಒದಗಿತೇ ಹೊರತು ಮಳೆಯನ್ನು ಕಾಣಲಿಲ್ಲ. ಅಮ್ಮನ ಮಾತು ಕೇಳಿದ ಮೇಲೆ, ನಮಗೆ ಬೇಕಾದದ್ದು ಜೂನ್ ತಿಂಗಳಲ್ಲೂ ನಿಂತಿರುವ ಚಪ್ಪರ ಎಂಬುದು ಸ್ಪಷ್ಟವಾಯಿತು. ಅದಕ್ಕೆ ಲೋಹವೇ ಸರಿ.

ಯಾವ ಲೋಹ? ಪೇಟೆಯ ಅಂಗಡಿಯಲ್ಲಿ ಅಲ್ಯೂಮಿನಿಯಂ ಗಝೀಬೊ ತೋರಿಸಿದರು. ಕಬ್ಬಿಣದ ಮೂರನೇ ಒಂದರಷ್ಟೇ ತೂಕ. ಗಾಳಿ ತಾಗಿದೊಡನೆ ತನ್ನ ಮೈಮೇಲೆ ತಾನೇ ಒಂದು ತೆಳುಪೊರೆ ಕಟ್ಟಿಕೊಳ್ಳುವುದರಿಂದ ಕೆಂಪು ತುಕ್ಕಿನ ಭಯವಿಲ್ಲ. ಉಪ್ಪುಗಾಳಿಯ ಊರಿಗೆ ಒಳ್ಳೆಯ ಗುಣವೇ. ಆದರೆ ಹಗುರವಾದ ಮಾಡನ್ನು ಮುಂಗಾರಿನ ಗಾಳಿ ಅಡಿಯಿಂದ ಎತ್ತುತ್ತದೆ. ಜೊತೆಗೆ ಅದರ ತಗಡಿನ ಸೂರಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕುಳಿತವರ ಮಾತು ಕೇಳಿಸದು. ಮಳೆ ನೋಡಬೇಕೆನ್ನುವ ಅಮ್ಮನಿಗೆ ಮಾತೂ ಬೇಕು.

ಹಾಗಾಗಿ ಹಂಚು ಎಂದು ತೀರ್ಮಾನಿಸಿದೆವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮಳೆಯನ್ನು ತಲೆಯ ಮೇಲೆ ಹೊತ್ತದ್ದು ಅದೇ ಹಂಚು. ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು. ಒಂದಕ್ಕೆ ಎರಡೂವರೆ ಕಿಲೋ ಎಂದರೂ 375 ಕಿಲೋ. ಆ ಭಾರ ಗಾಳಿಗೆ ಜಗ್ಗುವುದಿಲ್ಲ, ಆದರೆ ಅದನ್ನು ಹೊರಲು ಕಬ್ಬಿಣದ ಕಂಬವೇ ಬೇಕು. ಆಕಾರವನ್ನೂ ಹಂಚೇ ಹೇಳಿತು. ಎಂಟು ಮೂಲೆಯ ಮಂಟಪ ಚೆಂದ, ಆದರೆ ಮೂಲೆಮೂಲೆಗೂ ಹಂಚು ಕತ್ತರಿಸಬೇಕು, ಕತ್ತರಿಸಿದಲ್ಲೆಲ್ಲ ಸೋರುವ ಭಯ. ನಾಲ್ಕು ಕಂಬ, ಎರಡು ಇಳಿಜಾರು, ಹತ್ತಡಿಗೆ ಹತ್ತಡಿ. ನಾಲ್ಕು ಕುರ್ಚಿ, ಒಂದು ಮೇಜು ಹಾಕಿ ಸುತ್ತ ಓಡಾಡಲು ಅಷ್ಟು ಸಾಕು.

ಇನ್ನು ತುಕ್ಕು. ಕಬ್ಬಿಣವನ್ನು ತಿನ್ನುವುದು ಬಂದುಹೋಗುವ ಮಳೆಗಿಂತ ನಿಂತ ನೀರು. ವೆಲ್ಡಿಂಗ್ ಮಾಡುವವರು ಇದನ್ನು ಬೆರಳಿಟ್ಟು ತೋರಿಸಿದರು: ಬೆಸುಗೆಯ ಸಂದು, ಬೋಲ್ಟಿನ ಬುಡ, ಕಂಬ ಮಣ್ಣು ಮುಟ್ಟುವ ಜಾಗ. ಆದ್ದರಿಂದ ಬೆಸುಗೆಯನ್ನೆಲ್ಲ ಮೊದಲೇ ಮುಗಿಸಿ, ಆಮೇಲೆ ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದಿಸಿದೆವು. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ, ಗೀರು ಬಿದ್ದಲ್ಲೂ ಕಾಯುತ್ತದೆ. ಅದ್ದಿಸಿದ ಮೇಲೆ ಮತ್ತೆ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುತ್ತದೆ. ಅದಕ್ಕೇ ತೋಟದಲ್ಲಿ ಬರೀ ಬೋಲ್ಟಿನ ಜೋಡಣೆ. ಕಂಬಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಕಾಂಕ್ರೀಟ್ ಪೀಠದ ಮೇಲೆ ನಿಲ್ಲಿಸಿ, ಪೀಠದ ತಲೆಯನ್ನು ನೀರು ಜಾರುವಂತೆ ಇಳಿಜಾರು ಮಾಡಿಸಿದೆವು.

ಬಳ್ಳಿಯಿಲ್ಲದ ಮಂಟಪ ನನಗೆ ಒಪ್ಪದು. ಮೈಸೂರಿನ ಹೆಸರನ್ನೇ ಹೊತ್ತ, ಪಶ್ಚಿಮಘಟ್ಟದ್ದೇ ಆದ ಥನ್ಬರ್ಜಿಯಾ ಮೈಸೂರೆನ್ಸಿಸ್ ನೆಟ್ಟಿದ್ದೇವೆ. ಹಳದಿ, ಕಂದುಗೆಂಪು ಹೂಗಳು ಮಾಲೆಯಾಗಿ ಇಳಿಬೀಳುತ್ತವೆ, ಸೂರಕ್ಕಿಗಳು ಅದನ್ನು ಹುಡುಕಿ ಬರುತ್ತವೆ. ಬಳ್ಳಿ ಕಂಬಕ್ಕೆ ಅಂಟಿದರೆ ತೇವ ಆರದು. ಗೇಣು ದೂರಕ್ಕೆ ತಂತಿ ಎಳೆದು ಹಬ್ಬಿಸಿದ್ದೇವೆ.

ಹಿಂದೆ ಮಡಲಿನ ಚಪ್ಪರಕ್ಕೆ ವರ್ಷಕ್ಕೊಮ್ಮೆ ಕೈ ತಾಗುತ್ತಿತ್ತು. ಲೋಹಕ್ಕೂ ಅದೇ ಉಪಚಾರ ಬೇಕು. 1889ರಲ್ಲಿ ಅಡಿಗಲ್ಲಿಟ್ಟ ಲಾಲ್‌ಬಾಗಿನ ಗಾಜಿನಮನೆಯ ಕಬ್ಬಿಣ ಇಂದಿಗೂ ನಿಂತಿರುವುದು ನೋಡಿಕೊಳ್ಳುವವರು ಇದ್ದುದರಿಂದ.

ನೀವೂ ಇಂಥದೊಂದನ್ನು ಹಾಕಿಸುವುದಾದರೆ, ಅಂಗಡಿಗೆ ಹೋಗುವ ಮೊದಲು ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಮಂಟಪ ಬರುವ ಜಾಗದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿ. ಅವರಿಗೆ ಏನು ಕಾಣಬೇಕು ಎಂದು ಕೇಳಿ. ಉಳಿದದ್ದನ್ನೆಲ್ಲ ಅದರ ಮೇಲೆ ತೀರ್ಮಾನಿಸಿ.