ಅಡವಿಗೆ ಬಿದ್ದ ಗದ್ದೆ, ಮೀಸೆಯ ಕೃಷ್ಣ

ಜಗತ್ತಿನ ನಿಗೂಢ ಸ್ಥಳಗಳ ಪಟ್ಟಿಯನ್ನು ಯಾರೇ ಮಾಡಲಿ, ಸ್ಟೋನ್‌ಹೆಂಜ್, ಈಸ್ಟರ್ ದ್ವೀಪ, ಪೆರುವಿನ ನಾಸ್ಕಾ ರೇಖೆಗಳು ಬಂದೇ ಬರುತ್ತವೆ. ಭಾರತದ ಪಾಲಿಗೆ ಮಹಾಬಲಿಪುರದ ಉರುಳದ ಬಂಡೆಯೋ ಲೇಪಾಕ್ಷಿಯ ನೇತಾಡುವ ಕಂಬವೋ ಸೇರಿಕೊಳ್ಳುತ್ತದೆ. ಚೆನ್ನೈನ ತ್ರಿಪ್ಲಿಕೇನ್ ಅಂಥ ಪಟ್ಟಿಯಲ್ಲಿ ಇದ್ದದ್ದನ್ನು ನಾನಂತೂ ಕಾಣೆ. ಹೊರಗಿನವರಿಗೆ ಅದು ಬ್ರಹ್ಮಚಾರಿಗಳ ಮ್ಯಾನ್ಷನ್‌ಗಳ, ಮೆಸ್ಸುಗಳ, ಪಕ್ಕದ ಚೇಪಾಕ್ ಕ್ರಿಕೆಟ್ ಮೈದಾನದ ಬಡಾವಣೆ. ಆದರೆ ‘ವಿವರಿಸಲಾಗದ ಸ್ಥಳ’ ಎಂಬ ಮಾತು ಹೇಗೆ ಹುಟ್ಟುತ್ತದೆ ಎಂದು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಇಲ್ಲಿ ಒಂದೇ ಗುಡಿಯಲ್ಲಿ ಪುರಾಣವೂ ಇದೆ, ಶಾಸನವೂ ಇದೆ; ಎರಡರ ನಡುವೆ ಇತ್ತೀಚಿನ ಅಂತೆಕಂತೆಗಳೂ ಓಡಾಡುತ್ತಿವೆ. ಕೂವಂ ನದಿಯ ಕಡೆಯಿಂದ ಬರುವ ಎತ್ತರಿಸಿದ ರೈಲು ಮಾರ್ಗದ ತಿರುವಲ್ಲಿಕ್ಕೇಣಿ ನಿಲ್ದಾಣದಲ್ಲಿ ಇಳಿದು, ಬಕಿಂಗ್‌ಹ್ಯಾಮ್ ಕಾಲುವೆಯ ವಾಸನೆಯನ್ನು ಬೆನ್ನಿಗೆ ಹಾಕಿ ಮಾಡ ಬೀದಿಗಳ ಕಡೆ ನಡೆದರೆ, ಹೂವು ತುಳಸಿ ಮಾರುವವರ ಸಾಲಿನ ಕೊನೆಗೆ ಪಾರ್ಥಸಾರಥಿಯ ಗೋಪುರ ಎದ್ದು ಕಾಣುತ್ತದೆ.

ಗರ್ಭಗುಡಿಯ ಕೃಷ್ಣನಿಗೆ ಮೀಸೆಯಿದೆ. ಬೆಣ್ಣೆಗಳ್ಳನನ್ನೋ ಉಡುಪಿ, ಗುರುವಾಯೂರುಗಳ ಕಡೆಯ ಎಳೆಯ ಮೂರ್ತಿಗಳನ್ನೋ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಥಟ್ಟನೆ ಒಗ್ಗುವುದಿಲ್ಲ. ಆಳೆತ್ತರ ಮೀರಿದ ದೇಹ, ಒಂದು ಕೈಯಲ್ಲಿ ಶಂಖ, ಆದರೆ ಚಕ್ರ ಇಲ್ಲ. ಜೊತೆಗೆ ರುಕ್ಮಿಣಿ, ಬಲರಾಮ, ಸಾತ್ಯಕಿ, ಮಗ ಪ್ರದ್ಯುಮ್ನ, ಮೊಮ್ಮಗ ಅನಿರುದ್ಧ: ದೇವರು ಒಂದು ಮನೆತನದ ಯಜಮಾನನಂತೆ ನಿಂತಿದ್ದಾನೆ. ಉತ್ಸವಮೂರ್ತಿಯ ಮುಖದ ಮೇಲೆ ಸಣ್ಣ ಸಣ್ಣ ಗುಳಿಗಳಿವೆ. ಹಿಂಬದಿಗೆ ಹೋದರೆ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ, ಅವನಿಗೆ ಬೇರೆಯದೇ ಧ್ವಜಸ್ತಂಭ. ಎದುರಿನ ಕೈರವಿಣಿ ಪುಷ್ಕರಿಣಿಯಲ್ಲಿ ಮೀನು ಬದುಕುವುದಿಲ್ಲವೆಂಬ ಪ್ರತೀತಿ. ಇಷ್ಟು ಸರಕು ಸಾಕು. ‘ವಿಜ್ಞಾನಿಗಳೂ ಬೆರಗಾದ ದೇಗುಲ’ ಎಂಬ ಶೀರ್ಷಿಕೆ ತಾನಾಗಿಯೇ ಹುಟ್ಟುತ್ತದೆ. ಅಂಥ ಶೀರ್ಷಿಕೆಯ ಕೆಳಗೆ ಬೆರಗಾದ ವಿಜ್ಞಾನಿಯ ಹೆಸರು ಮಾತ್ರ ಎಂದೂ ಇರುವುದಿಲ್ಲ ಎಂಬುದು ಬೇರೆ ಮಾತು.

ಈಗ ಸ್ಥಳಪುರಾಣವನ್ನು ಕೇಳಿ. ಮೀಸೆ ಏಕೆ? ಇವನು ಕುರುಕ್ಷೇತ್ರದ ಸಾರಥಿ, ಪ್ರೌಢ ಪುರುಷ. ಚಕ್ರ ಏಕಿಲ್ಲ? ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟಿದ್ದ. ಮುಖದ ಗುಳಿಗಳು? ಭೀಷ್ಮನ ಬಾಣದ ಗಾಯ. ಮೀನಿಲ್ಲದ ಕೊಳ? ಋಷಿಯೊಬ್ಬರ ಶಾಪ. ಒಂದೊಂದಕ್ಕೂ ಉತ್ತರ ಸಿದ್ಧವಾಗಿದೆ, ಒಂದೂ ಬಾಕಿ ಉಳಿದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಇದೇ. ಭಕ್ತರ ಪಾಲಿಗೆ ತ್ರಿಪ್ಲಿಕೇನ್ ನಿಗೂಢವೇ ಅಲ್ಲ. ಅವರ ಬಳಿ ಸಂಪೂರ್ಣ ವಿವರಣೆಯಿದೆ. ಆ ವಿವರಣೆಯನ್ನು ನಾನು ಇತಿಹಾಸವೆಂದು ಒಪ್ಪುತ್ತೇನೋ ಇಲ್ಲವೋ ಎಂಬ ಪ್ರಶ್ನೆ ಬೇರೆ. ಶಾಸನತಜ್ಞರಿಗೂ ಇದು ನಿಗೂಢವಲ್ಲ. ತಿಳಿದದ್ದು ಇಷ್ಟು, ತಿಳಿಯದ್ದು ಇಷ್ಟು ಎಂದು ಗೆರೆ ಎಳೆದು ಅವರು ಮುಂದೆ ಹೋಗುತ್ತಾರೆ. ಪುರಾಣದ ಮೇಲಿನ ನಂಬಿಕೆ ಸಡಿಲಿ, ಶಾಸನ ಓದುವ ವ್ಯವಧಾನವೂ ಇಲ್ಲದ ಮಧ್ಯದ ಖಾಲಿ ಜಾಗ ಒಂದಿದೆಯಲ್ಲ, ನಿಗೂಢ ಹುಟ್ಟುವುದು ಅಲ್ಲಿ. ಕಲ್ಲಿನಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಈ ಗುಡಿಯ ಅತ್ಯಂತ ಹಳೆಯ ಶಾಸನ ಪಲ್ಲವ ದೊರೆ ದಂತಿವರ್ಮನ ಕಾಲದ್ದು, ಸುಮಾರು 9ನೆಯ ಶತಮಾನದ ಆರಂಭಕ್ಕೆ ಸೇರಿದ್ದು. ಬಾಣದ ಗಾಯದ ಸುದ್ದಿಯಾಗಲಿ ದೇವಶಿಲ್ಪಿಗಳ ಸುದ್ದಿಯಾಗಲಿ ಅದರಲ್ಲಿಲ್ಲ. ದೇವಸ್ಥಾನಕ್ಕೆ ಸೇರಿದ ಗದ್ದೆ ಅಡವಿಗೆ ಬಿದ್ದಿತ್ತು. ನೈವೇದ್ಯಕ್ಕೆ ಬರಬೇಕಾದ ಅಕ್ಕಿ ಕಡಿಮೆಯಾಗಿತ್ತು. ಪುಗಳ್ತುಣೈ ವಿಶೈಯರೈಯನ್ ಎಂಬಾತ ಅದನ್ನು ಬಿಡಿಸಿಕೊಟ್ಟು ನೈವೇದ್ಯ ಮೊದಲಿನಂತೆ ನಡೆಯುವ ಹಾಗೆ ಮಾಡಿದ. ಸಾರಾಂಶ ಇಷ್ಟೇ. ಇದನ್ನು ಓದಿ ‘ಅಯ್ಯೋ, ಬರೀ ಲೆಕ್ಕಪತ್ರವೇ’ ಎನ್ನುವವರಿದ್ದಾರೆ. ಅಚ್ಚರಿಯನ್ನು ಕಿತ್ತುಕೊಂಡು ಜಮಾಖರ್ಚಿನ ಪುಸ್ತಕ ಕೈಗಿತ್ತರೆ ಪ್ರವಾಸಿ ಯಾಕೆ ಬರಬೇಕು ಎಂಬುದು ಅವರ ಆಕ್ಷೇಪ. ನನಗೆ ಹಾಗನ್ನಿಸುವುದಿಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆ ದೇವರ ಗದ್ದೆಯೂ ಅಡವಿಗೆ ಹೋಗಬಹುದಿತ್ತು, ಅದರ ನೇರ ಪರಿಣಾಮ ದೇವರ ತಟ್ಟೆಯಲ್ಲಿ ಕಾಣುತ್ತಿತ್ತು, ಆ ಎಡವಟ್ಟನ್ನು ಮುಚ್ಚಿಡದೆ ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೆತ್ತಿದರು ಎಂಬ ಮೂರು ಸಂಗತಿಗಳು ಯಾವ ಹಾರುವ ತಟ್ಟೆಯ ಕಥೆಗಿಂತ ಸಪ್ಪೆ? ಪೇಯಾಳ್ವಾರ್, ತಿರುಮಳಿಶೈ ಆಳ್ವಾರ್, ತಿರುಮಂಗೈ ಆಳ್ವಾರ್ ಮೂವರೂ ಹಾಡಿದ ಕ್ಷೇತ್ರ ಇದು. ಹಾಡಿನಲ್ಲಿ ಸಿಗುವ ದೇವರು ಶಾಸನದಲ್ಲಿ ಭೂಮಾಲೀಕನಾಗಿ ಸಿಗುತ್ತಾನೆ. ಎರಡನ್ನೂ ಕೂಡಿಸಿ ಓದಿದವರಿಗೆ ಮಾತ್ರ ಗುಡಿ ಪೂರ್ತಿಯಾಗಿ ಕಾಣುತ್ತದೆ.

‘ಮೀಸೆಯ ವಿಗ್ರಹ ಕೆತ್ತಿದವರು ಯಾರೆಂದು ಆ ಶಾಸನ ಹೇಳುತ್ತದೆಯೇ?’ ಎಂದು ಕೇಳಬಹುದು. ಹೇಳುವುದಿಲ್ಲ. ಆದರೆ ತಿಳಿಯದ್ದು ಬೇರೆ, ನಿಗೂಢ ಬೇರೆ. ಬೇಲೂರಿನ ಶಿಲ್ಪಿಗಳು ಪೀಠದ ಮೇಲೆ ತಮ್ಮ ಹೆಸರು ಕೆತ್ತಿಕೊಂಡರು; ಬಹುಪಾಲು ಕಡೆ ಕೆತ್ತಿಕೊಳ್ಳಲಿಲ್ಲ. ಹೆಸರು ಕೆತ್ತದ ಶಿಲ್ಪಿಗಳೆಲ್ಲ ಅನ್ಯಗ್ರಹದಿಂದ ಬಂದವರಾಗಬೇಕಿಲ್ಲ. ಕೊಳದ ಮೀನಿನ ವಿಷಯವೂ ಹೀಗೆಯೇ. ಚೆನ್ನೈನ ದೇವಸ್ಥಾನದ ಕೊಳಗಳು ಬರದ ವರ್ಷಗಳಲ್ಲಿ ತಳ ಕಾಣುವಷ್ಟು ಬತ್ತಿದ್ದವು. 2003ರಲ್ಲಿ ತಮಿಳುನಾಡು ಸರ್ಕಾರ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ ಮೇಲೆ ಅಂತರ್ಜಲದ ಸ್ಥಿತಿ ಸುಧಾರಿಸಿತು. ಬತ್ತುವ ಕೊಳದಲ್ಲಿ ಮೀನಿನ ವಂಶ ನಿಲ್ಲದು. ಕೈರವಿಣಿಗೆ ಇದೇ ಕಾರಣವೆಂದು ನಾನು ಸಾಧಿಸುತ್ತಿಲ್ಲ. ಬಲೆ ಬೀಸಿ, ನೀರು ಪರೀಕ್ಷಿಸಿ ಉತ್ತರ ಪಡೆಯಬಹುದಾದ ಪ್ರಶ್ನೆಗೆ ‘ವಿವರಿಸಲಾಗದು’ ಎಂಬ ಪಟ್ಟ ಕಟ್ಟುವ ಆತುರ ಏಕೆ ಎಂದಷ್ಟೇ ಕೇಳುತ್ತಿದ್ದೇನೆ.

ಗುಡಿಯಿಂದ ಪಶ್ಚಿಮಕ್ಕೆ, ಹಳೆಯ ಹೈರೋಡಿನಲ್ಲಿ ವಾಲಾಜಾ ಮಸೀದಿಯಿದೆ. 1795ರಲ್ಲಿ, ನವಾಬ ಮುಹಮ್ಮದ್ ಅಲಿ ವಾಲಾಜಾನ ನೆನಪಿಗೆ ಅವನ ಕುಟುಂಬದವರು ಕಟ್ಟಿಸಿದ್ದು. ಬೂದು ಬಣ್ಣದ ಗ್ರಾನೈಟ್. ಕಟ್ಟುವಾಗ ಮರ, ಕಬ್ಬಿಣ ಬಳಸಲಿಲ್ಲವೆಂದು ಹೇಳುತ್ತಾರೆ. ಬರೀ ಕಲ್ಲಿನಲ್ಲಿ ಕಟ್ಟುವುದು ದಕ್ಷಿಣದ ಕಸುಬುದಾರರಿಗೆ ಹೊಸದೇನೂ ಆಗಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಒಳಗಿನ ಪಾರಸಿ ಬರಹ. ಅಕ್ಷರಗಳ ಬೆಲೆ ಕೂಡಿಸಿದರೆ ಕಟ್ಟಿದ ವರ್ಷ ಬರುತ್ತದೆ; ನಮ್ಮ ಕಟಪಯಾದಿಯ ಸೋದರಸಂಬಂಧಿ ಎನ್ನಿ. ಅದನ್ನು ರಚಿಸಿದವರು ನವಾಬರ ಆಸ್ಥಾನದ ಹಿಂದೂ ವಿದ್ವಾಂಸ ಮಖನ್ ಲಾಲ್ ಖಿರದ್. ಲಿಪಿ ಗೊತ್ತಿಲ್ಲದವರಿಗೆ ಅದು ಬಳ್ಳಿಯಂಥ ಅಲಂಕಾರ, ಗೊತ್ತಿದ್ದವರಿಗೆ ದಿನಾಂಕ. ಅಲ್ಲಿಂದ ಕಡಲ ಕಡೆಗೆ ಹೊರಳಿ ಮರೀನಾ ತಲುಪಿದರೆ ಇನ್ನೂ ಮಜವಾದ ಕಟ್ಟಡ ಎದುರಾಗುತ್ತದೆ: ಸಮುದ್ರಕ್ಕೆ ಎದೆಯೊಡ್ಡಿದ, ಮುಂಭಾಗ ದುಂಡಗಿರುವ ಈಗಿನ ವಿವೇಕಾನಂದ ಇಲ್ಲಂ. 1842ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರ್‌ನ ವ್ಯಾಪಾರಕ್ಕಾಗಿ ಎದ್ದ ಐಸ್ ಹೌಸ್ ಅದು. ಬಾಸ್ಟನ್ ಕಡೆಯ ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಯ್ದು, ಹಡಗಿನಲ್ಲಿ ತಂದು, ಮದ್ರಾಸಿನ ಬಿಸಿಲಲ್ಲಿ ಕರಗದಂತೆ ಇಲ್ಲಿ ಇಡುತ್ತಿದ್ದರು. ಯಂತ್ರದಿಂದ ಮಂಜುಗಡ್ಡೆ ಮಾಡುವುದು ಬಂದ ಮೇಲೆ ವ್ಯಾಪಾರ ಮುಳುಗಿತು. 1897ರಲ್ಲಿ ವಿವೇಕಾನಂದರು ಬಂದು ತಂಗಿದ್ದರಿಂದ ಕಟ್ಟಡಕ್ಕೆ ಮರುಹುಟ್ಟು ಸಿಕ್ಕಿತು. ಟ್ಯೂಡರ್‌ನ ಕಾಗದಪತ್ರಗಳೆಲ್ಲ ಸುಟ್ಟುಹೋಗಿದ್ದವೆಂದುಕೊಳ್ಳಿ. ಮುಂದಿನ ಕಾಲದವರು ಪೂರ್ವಕ್ಕೆ ಮುಖ ಮಾಡಿದ ಈ ದುಂಡು ಗೋಡೆಯನ್ನು ನೋಡಿ ಸೂರ್ಯಾರಾಧಕರ ಆಲಯವೆಂದು ಬರೆಯುತ್ತಿದ್ದರು. ಅದನ್ನು ನಂಬುವುದು, ಉಷ್ಣವಲಯದ ಊರಿಗೆ ಅರ್ಧ ಭೂಮಿ ಸುತ್ತಿ ಮಂಜುಗಡ್ಡೆ ತಂದರೆಂಬುದನ್ನು ನಂಬುವುದಕ್ಕಿಂತ ಸುಲಭ.

ಈಸ್ಟರ್ ದ್ವೀಪದಲ್ಲಿ ನಿಜವಾಗಿ ಆದದ್ದು ಇಂಥದ್ದೇ, ಆದರೆ ಘೋರವಾಗಿ. 1722ರಲ್ಲಿ ಡಚ್ಚರು ಅಲ್ಲಿಗೆ ಕಾಲಿಟ್ಟಾಗ ಕಲ್ಲಿನ ಮೂರ್ತಿಗಳ ಜೊತೆ ಅವುಗಳ ವಾರಸುದಾರರೂ ಇದ್ದರು. 1862ರಿಂದ ಪೆರುವಿನ ಗುಲಾಮರ ವ್ಯಾಪಾರಿಗಳು ಜನರನ್ನು ಹೊತ್ತೊಯ್ದರು. ಹಿಂದಿರುಗಿದ ಕೆಲವರ ಜೊತೆ ಸಿಡುಬು ಬಂತು. 1877ರ ಹೊತ್ತಿಗೆ ಉಳಿದವರು 111 ಮಂದಿ. ರೊಂಗೊರೊಂಗೊ ಎಂಬ ಲಿಪಿಯ ಮರದ ಹಲಗೆಗಳು ಉಳಿದವು, ಓದಬಲ್ಲವರು ಉಳಿಯಲಿಲ್ಲ. ಆ ಮೇಲೆಯೇ ಅದು ‘ಜಗತ್ತಿನ ಒಗಟು’ ಆದದ್ದು. ಹಾಗಿದ್ದೂ ರಾನೊ ರರಾಕು ಗಣಿಯಲ್ಲಿ ಅರ್ಧ ಕೆತ್ತಿ ಬಿಟ್ಟವೂ ಸೇರಿ ಸುಮಾರು 400 ಮೂರ್ತಿಗಳಿದ್ದು, ಕೆಲಸದ ಕ್ರಮವನ್ನು ತಾವೇ ತೋರಿಸಿಕೊಡುತ್ತವೆ. ಸ್ಟೋನ್‌ಹೆಂಜ್‌ನಲ್ಲಿ ಬರಹವೇ ಇಲ್ಲ; ಆದರೂ 1958ರ ದುರಸ್ತಿಯಲ್ಲಿ ಕೊರೆದು ತೆಗೆದ ಕಲ್ಲಿನ ತುಂಡೊಂದು ದಶಕಗಳ ಬಳಿಕ ಕೈಗೆ ಮರಳಿದ್ದರಿಂದ, ದೊಡ್ಡ ಕಲ್ಲುಗಳಲ್ಲಿ ಬಹುಪಾಲು ಸುಮಾರು 25 ಕಿ.ಮೀ. ದೂರದ ವೆಸ್ಟ್ ವುಡ್ಸ್‌ನವೆಂದು 2020ರಲ್ಲಿ ಗೊತ್ತಾಯಿತು.

ಕನ್ನಡಿಗರ ನೆನಪಿನ ದೊಡ್ಡ ಗಂಟೊಂದು ಇದೇ ಮರೀನಾ ಕಡಲತೀರದ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಾಲಯ ಕಟ್ಟಡದಲ್ಲಿ ಬಹುಕಾಲ ಇತ್ತು ಎಂಬುದನ್ನು ಇಲ್ಲಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಮರೆತಿರುತ್ತಾರೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರನ್ನು ಅಳೆಯಲು ಹೊರಟ ಕಾಲಿನ್ ಮೆಕೆಂಜಿ, ಕಾವಲಿ ವೆಂಕಟ ಬೋರಯ್ಯ ಮತ್ತವನ ತಮ್ಮ ಲಕ್ಷ್ಮಯ್ಯರಂಥ ಸಹಾಯಕರ ಮೂಲಕ ಊರೂರಿನ ಕೈಫಿಯತ್ತುಗಳನ್ನು ಬರೆಸಿದ. ಶಾನುಭೋಗರು, ಅರ್ಚಕರು ಹೇಳಿದ ಊರ ಹುಟ್ಟು, ಕೆರೆಯ ಕಥೆ, ಗುಡಿಯ ಮಹಿಮೆ ಎಲ್ಲವೂ ಅದರಲ್ಲಿ ಕಲಸಿಕೊಂಡಿವೆ. ಅವುಗಳ ಕನ್ನಡ ಭಾಗವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ತಂದರು. ಆ ಕಥೆಗಳನ್ನು ಹೇಳಿದವರು ತಮ್ಮೂರಿನ ಪ್ರತಿ ಕಲ್ಲಿಗೂ ಕಾರಣ ಕೊಡುತ್ತಾರೆ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ನೂರಾರು ಶಿಲಾಸಮಾಧಿಗಳನ್ನೂ ಊರವರು ನಿಗೂಢವೆನ್ನಲಿಲ್ಲ. ಮೋರ್ಯರೆಂಬ ಕುಳ್ಳರ ಮನೆಗಳೆಂದರು. ಪುರಾತತ್ತ್ವ ಅದನ್ನು ತಿದ್ದಿ, ಕಬ್ಬಿಣ ಯುಗದವರು ಸತ್ತವರಿಗೆ ಕಟ್ಟಿದ್ದೆಂದಿತು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಸೌಮ್ಯವಾದದ್ದು: ನಿಗೂಢವೆಂದುಕೊಂಡು ನಾಲ್ಕು ಜನ ನೋಡಲು ಬಂದರೆ ನಷ್ಟವೇನು? ಅದಕ್ಕೆ ಉತ್ತರ ಹಿರೇಬೆಣಕಲ್‌ಗೆ ಹತ್ತಿರದಲ್ಲೇ, ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿದೆ. ಕೃಷ್ಣದೇವರಾಯನ ರಾಜಗುರು ವ್ಯಾಸರಾಯರು 1539ರಲ್ಲಿ ವೃಂದಾವನಸ್ಥರಾದರೆಂಬುದು ಮಠದ ಪರಂಪರೆಗೂ ಗೊತ್ತು, ಇತಿಹಾಸಕಾರರಿಗೂ ಗೊತ್ತು. ಅವರ ಬದುಕಿನ ಬಗ್ಗೆ ಕಾವ್ಯವಿದೆ, ಅವರಿಗೆ ಸಂದ ದತ್ತಿಗಳ ಬಗ್ಗೆ ಶಾಸನಗಳಿವೆ, ಹಾಡಲು ಅವರದೇ ಕೀರ್ತನೆಗಳಿವೆ. ನಿಧಿಯ ಬಗ್ಗೆ ಮಾತ್ರ ಎಲ್ಲೂ ಒಂದಕ್ಷರವಿಲ್ಲ. 2019ರ ಜುಲೈನಲ್ಲಿ ಹಾರೆ ಗುದ್ದಲಿ ಹಿಡಿದು ರಾತ್ರೋರಾತ್ರಿ ಬಂದವರು ಆ ವೃಂದಾವನವನ್ನು ಕಿತ್ತು ಕೆಡವಿದ್ದು ಆ ನಿಧಿಯನ್ನು ನಂಬಿ. ಭಕ್ತರು ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು.